ಹೆಸರಿಲ್ಲದ ಗುಳಿಗೆ

ಸಂತೆಯಲ್ಲಿ ಅರ್ಧ ಕಿಲೋ ಬದನೆಕಾಯಿ ಕೊಳ್ಳುವಾಗ ನಾವು ಹೆಂಗಸರು ಎಷ್ಟು ಪ್ರಶ್ನೆ ಕೇಳುತ್ತೇವೆ! ಯಾವ ಊರಿನದು, ಇವತ್ತು ಕಿತ್ತದ್ದೋ ನಿನ್ನೆಯದೋ, ಬೀಜ ಬಲಿತಿದೆಯೋ, ಒಳಗೆ ಹುಳವಿದೆಯೋ. ಒಂದೊಂದನ್ನೂ ತಿರುಗಿಸಿ ನೋಡಿ ಚೀಲಕ್ಕೆ ಹಾಕುತ್ತೇವೆ. ಸೀರೆ ಅಂಗಡಿಯಲ್ಲಂತೂ ಬಣ್ಣ ಬಿಡುವುದಿಲ್ಲವೆಂದು ಅಂಗಡಿಯವನಿಂದ ಆಣೆ ಹಾಕಿಸಿಕೊಂಡೇ ಎದ್ದು ಬರುತ್ತೇವೆ. ಇಷ್ಟೆಲ್ಲ ಜಾಣತನ ಔಷಧಿ ಅಂಗಡಿಯ ಮುಂದೆ ಬಂದಾಗ ಎಲ್ಲಿ ಹೋಗುತ್ತದೆ? "ಸೊಂಟನೋವಿಗೆ ಎರಡು ಗುಳಿಗಿ ಕೊಡ್ರಿ" ಎನ್ನುತ್ತೇವೆ. ಆತ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕೊಡುತ್ತಾನೆ. ಹೆಸರು ಪಟ್ಟಿಯ ಆ ತುದಿಯಲ್ಲಿ ಅಂಗಡಿಯಲ್ಲೇ ಉಳಿಯುತ್ತದೆ, ಗುಳಿಗೆ ನಮ್ಮ ಹೊಟ್ಟೆಗೆ ಹೋಗುತ್ತದೆ.

ಕೇಳಿದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. "ನೋವಿನ ಗುಳಿಗಿ ರೀ, ಏನೂ ಆಗೂದಿಲ್ಲ" ಎಂಬ ಉತ್ತರ ಬರುತ್ತದೆ. ಹಿಂದೆ ನಿಂತವರು ಅವಸರ ಮಾಡುತ್ತಾರೆ. ಇನ್ನೊಮ್ಮೆ ಕೇಳಿದರೆ, ಈ ಹೆಂಗಸಿಗೆ ಬಹಳ ತಿಳಿವಳಿಕೆ ಎಂಬ ನಗು. ಹೀಗೆ ಕೇಳದಿರುವುದನ್ನು ನಮಗೆ ಕಲಿಸಲಾಗಿದೆ. "ಏನೂ ಆಗೂದಿಲ್ಲ" ಎಂಬ ಆ ಮಾತಿನ ಮೇಲೆಯೇ ನನ್ನ ತಕರಾರು. ಬಹಳ ಜನಕ್ಕೆ ಏನೂ ಆಗುವುದಿಲ್ಲ, ನಿಜ. ಕೆಲವರಿಗೆ ಆಗುತ್ತದೆ. ಆಗುವವರಿಗೆ ಗುಳಿಗೆಯ ಹೆಸರು ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ಅಂತರ ಕೆಲವೊಮ್ಮೆ ಬದುಕು ಸಾವಿನ ಅಂತರವಾಗುತ್ತದೆ.

ನಾನು ವೈದ್ಯೆಯಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವವಳು. ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಬಂದದ್ದು ನನ್ನ ಮೈಯಿಂದ. 2011ರ ಬೇಸಿಗೆಯಲ್ಲಿ ದವಡೆ ಹಲ್ಲು ತೆಗೆಸಿಕೊಂಡು ಬಂದೆ. ಕಾಗದದ ಚಿಕ್ಕ ಚೀಲದಲ್ಲಿ ಆರು ಬಿಡಿ ಗುಳಿಗೆ, ಮೇಲೆ 1-0-1 ಎಂಬ ಅಂಕಿ. ಮತ್ತೊಂದು ಅಕ್ಷರವಿಲ್ಲ. ಮೊದಲನೆಯದನ್ನು ನುಂಗಿ ಮುಕ್ಕಾಲು ತಾಸಾಗಿತ್ತೋ ಇಲ್ಲವೋ, ಅಂಗೈ ತುರಿಸತೊಡಗಿತು. ಮೈತುಂಬ ಗಂಧೆ ಎದ್ದವು. ಕಣ್ಣಿನ ರೆಪ್ಪೆ, ತುಟಿ ಊದಿ ಕನ್ನಡಿಯಲ್ಲಿ ನನ್ನ ಮುಖ ನನಗೇ ಗುರುತು ಸಿಗದಂತಾಯಿತು.

ಮನೆಯಲ್ಲಿ ವಿಚಾರಣೆ ನಡೆಯಿತು. ನಮ್ಮ ಅತ್ತೆಯವರು, "ನಂಜು ಏರೇದ, ನಿನ್ನೆ ಬದನಿಕಾಯಿ ಪಲ್ಯ ತಿಂದಿದ್ದಿ" ಎಂದರು. ನೆರೆಮನೆಯವರು ಪಿತ್ತ ಎಂದರು. ಇನ್ನೊಬ್ಬರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಹಲ್ಲು ತೆಗೆದವರಿಗೆ ಫೋನು ಮಾಡಿದರೆ, "ಆ ಗುಳಿಗಿಯಿಂದ ಹಂಗ ಆಗೂದಿಲ್ರೀ, ಏನರೆ ತಿಂದಿರಬೇಕು" ಎಂಬ ಉತ್ತರ. ಗುಳಿಗೆ ನಿರ್ದೋಷಿಯಾಗಿ ಬಿಡುಗಡೆಯಾಯಿತು, ಬದನೆಕಾಯಿಗೆ ಮೂರು ತಿಂಗಳ ಬಹಿಷ್ಕಾರವಾಯಿತು.

ಅದೇ ವರ್ಷ ಮಳೆಗಾಲದಲ್ಲಿ ಬಸ್ಸು ಇಳಿಯುವಾಗ ಕಾಲು ಉಳುಕಿತು. ಬೇರೆ ದವಾಖಾನೆಗೆ ಹೋದೆ. ಹಲ್ಲುನೋವಿನ ಗುಳಿಗೆ ತೆಗೆದುಕೊಂಡಾಗ ಮುಖ ಊದಿತ್ತೆಂದು ನಾನಾಗಿಯೇ ಹೇಳಿದೆ. "ಯಾವ ಗುಳಿಗಿ?" ಎಂದು ಕೇಳಿದರು. ಹೆಸರು ಕೊಟ್ಟಿದ್ದರಲ್ಲವೇ ಹೇಳುವುದು? "ಇದು ಗುಳಿಗಿ ಅಲ್ರೀ ಅಕ್ಕೋರ, ಇಂಜೆಕ್ಷನ್. ಏನೂ ಆಗೂದಿಲ್ಲ" ಎಂದು ಚುಚ್ಚಿದರು. ಹೊರಗಿನ ಬೆಂಚಿನ ಮೇಲೆ ಕುಳಿತು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಗಂಟಲು ಕಟ್ಟಿತು, ಎದೆಯೊಳಗೆ ಸಿಳ್ಳೆ ಹೊಡೆದಂತಾಯಿತು, ಕಣ್ಣು ಮಂಜಾದವು. ಯಾರೋ ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದರು. ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರು ತಿರುಗಿತು. ಆ ರಾತ್ರಿ ಪಾಳಿಯಲ್ಲಿದ್ದ ವೈದ್ಯೆ ಎರಡೂ ಕಡೆ ಫೋನು ಮಾಡಿಸಿ ಹೆಸರು ತರಿಸಿದರು. ಗುಳಿಗೆ ಐಬುಪ್ರೊಫೆನ್, ಇಂಜೆಕ್ಷನ್ ಡೈಕ್ಲೋಫೆನಾಕ್. ಆಕೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟ ಚೀಟಿ ಇಂದಿಗೂ ನನ್ನ ಹತ್ತಿರ ಇದೆ.

ಎರಡು ಬೇರೆ ಹೆಸರಿನ ಔಷಧಿಗಳು ಒಬ್ಬಳನ್ನೇ ಹೀಗೇಕೆ ಕಾಡಿದವು? ಆಕೆಯೇ ವಿವರಿಸಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲ, ನ್ಯಾಪ್ರೊಕ್ಸೆನ್, ಕೆಟೊರೊಲಾಕ್, ಇವೆಲ್ಲ ಒಂದೇ ಮನೆತನದವು. ಸ್ಟೀರಾಯ್ಡ್ ಅಲ್ಲದ ಉರಿಯೂತ ಶಮನಕಗಳೆಂದು ಇವಕ್ಕೆ ಹೆಸರು. ದೇಹದಲ್ಲಿ ನೋವು, ಬಾವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳನ್ನು ತಯಾರಿಸುವ ಕಿಣ್ವವೊಂದಿದೆ, ಕಾಕ್ಸ್ ಎಂದು. ಈ ಔಷಧಿಗಳು ಅದಕ್ಕೆ ಬೀಗ ಹಾಕುತ್ತವೆ. ಕೆರೆಯ ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಾಲುವೆಗೆ ನುಗ್ಗುತ್ತದಲ್ಲ, ಹಾಗೆ ಕೆಲವರ ದೇಹದಲ್ಲಿ ಲ್ಯೂಕೋಟ್ರಯೀನ್ ಎಂಬ ಇನ್ನೊಂದು ವಸ್ತು ಉಕ್ಕುತ್ತದೆ. ಅದು ಉಸಿರುನಾಳವನ್ನು ಬಿಗಿಯುತ್ತದೆ, ಚರ್ಮದಲ್ಲಿ ಗಂಧೆ ಎಬ್ಬಿಸುತ್ತದೆ, ರೆಪ್ಪೆ ತುಟಿಗಳನ್ನು ಊದಿಸುತ್ತದೆ. ತೂಬು ಮುಚ್ಚಿದ್ದು ಯಾವ ಕಂಪನಿಯ ಗುಳಿಗೆಯಾದರೇನು, ಇಂಜೆಕ್ಷನ್ ಆದರೇನು, ನೀರು ನುಗ್ಗುವುದು ನುಗ್ಗಿಯೇ ತೀರುತ್ತದೆ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಗುಟ್ಟೂ ಅಲ್ಲ. ಆಸ್ಪಿರಿನ್ ಈಗಿನ ರೂಪದಲ್ಲಿ ತಯಾರಾದದ್ದು 1897ರಲ್ಲಿ, ಜರ್ಮನಿಯಲ್ಲಿ. ಉಬ್ಬಸ, ಮೂಗಿನಲ್ಲಿ ದುರ್ಮಾಂಸ, ಆಸ್ಪಿರಿನ್ ಸಹಿಸದಿರುವುದು, ಈ ಮೂರೂ ಒಬ್ಬರಲ್ಲೇ ಕೂಡಿಬರುವುದುಂಟೆಂದು ಫ್ರಾನ್ಸಿನ ವಿಡಾಲ್ ಎಂಬ ವೈದ್ಯ 1922ರಲ್ಲೇ ಬರೆದ. ಈ ಔಷಧಿಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು, 1982ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ನೂರು ವರ್ಷದ ಈ ತಿಳಿವಳಿಕೆ ಸಮುದ್ರ ದಾಟಿ ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಬಂದಿದೆ. ಅಲ್ಲಿಂದ ನಮ್ಮ ಊರಿನ ಔಷಧಿ ಅಂಗಡಿಯ ಕಟ್ಟೆಗೆ ಬರಲು ಮಾತ್ರ ಬಸ್ಸು ಸಿಕ್ಕಿಲ್ಲ.

ಒಂದು ಮಾತು ಸ್ಪಷ್ಟವಿರಲಿ. ನೋವಿನ ಗುಳಿಗೆಯಿಂದ ಆಗುವ ತೊಂದರೆಯೆಲ್ಲ ಅಲರ್ಜಿಯಲ್ಲ. ಹೊಟ್ಟೆಯುರಿ, ಹುಳಿತೇಗು, ಹೆಚ್ಚು ದಿನ ನುಂಗಿದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ಇವು ಅಡ್ಡಪರಿಣಾಮಗಳು. ಅವೂ ಕೆಟ್ಟವೇ, ಆದರೆ ಬೇರೆ. ನುಂಗಿದ ಕೆಲವೇ ನಿಮಿಷಗಳಿಂದ ಮೂರು ನಾಲ್ಕು ತಾಸಿನೊಳಗೆ ಗಂಧೆ, ಊತ, ಮೂಗು ಕಟ್ಟಿ ಸೋರುವುದು, ಉಬ್ಬಸ, ತಲೆಸುತ್ತು ಬಂದರೆ ಎಚ್ಚರವಾಗಬೇಕು. ಅದರಲ್ಲೂ ಎರಡು ಬಗೆ. ಕೆಲವರಿಗೆ ಒಂದೇ ಔಷಧಿ ಆಗದು, ಅದೇ ಮನೆತನದ ಇನ್ನೊಂದು ಒಗ್ಗುತ್ತದೆ. ನನ್ನಂಥವರಿಗೆ ಇಡೀ ಮನೆತನವೇ ಆಗದು. ನಾವು ಯಾವ ಬಗೆಯವರೆಂದು ಅಡುಗೆಮನೆಯಲ್ಲಿ ನುಂಗಿ ನೋಡಿ ನಿರ್ಧರಿಸುವಂತಿಲ್ಲ. ಅಗತ್ಯ ಬಿದ್ದರೆ ಅಲರ್ಜಿ ತಜ್ಞರು ಆಸ್ಪತ್ರೆಯಲ್ಲಿ, ತುರ್ತು ಔಷಧಿಯನ್ನು ಕೈಯಳತೆಯಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಕೊಟ್ಟು ಪರೀಕ್ಷಿಸುತ್ತಾರೆ. ಮನೆತನಕ್ಕೆ ಮನೆತನವೇ ಆಗದವರಿಗೆ ಚರ್ಮ ಚುಚ್ಚಿ ಮಾಡುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

"ಹೋಗಲಿ ಬಿಡಿ, ಸಾವಿರಕ್ಕೊಬ್ಬರಿಗೆ ಆಗುವ ಮಾತು" ಎನ್ನುವವರಿದ್ದಾರೆ. ಉಬ್ಬಸವಿರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಉಬ್ಬಸ ತೀವ್ರವಾಗಿರುವವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಈ ಔಷಧಿಗಳು ಆಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ತಿಂಗಳುಗಟ್ಟಲೆ ಗಂಧೆಯಿಂದ ನರಳುವವರಲ್ಲಿಯೂ ಬಹಳ ಜನಕ್ಕೆ ಇವುಗಳಿಂದ ಗಂಧೆ ಕೆರಳುತ್ತದೆ. ಉಬ್ಬಸದೊಡನೆ ಬರುವ ಬಗೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹೆಚ್ಚಾಗಿ ಮೂವತ್ತು ದಾಟಿದ ಮೇಲೆ, ಅಲ್ಲಿಯವರೆಗೆ ಏನೂ ಇಲ್ಲದವರಲ್ಲಿ ಕಾಣಿಸಿಕೊಳ್ಳುತ್ತದೆ. "ಇಷ್ಟು ದಿನ ನುಂಗಿದಾಗ ಆಗದ್ದು ಈಗ ಹ್ಯಾಂಗ ಆದೀತು?" ಎಂಬ ಪ್ರಶ್ನೆಗೆ ಇದೇ ಉತ್ತರ. ಆದೀತು, ಆಗುತ್ತದೆ.

ಅದು ಅಡಗಿ ಕುಳಿತಿರುವ ಜಾಗಗಳನ್ನು ನೋಡಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ವೊವೆರಾನ್ ಎಂದರೆ ಡೈಕ್ಲೋಫೆನಾಕ್. ಡಿಸ್ಪ್ರಿನ್, ಹೃದಯದವರು ನುಂಗುವ ಇಕೋಸ್ಪ್ರಿನ್, ಎರಡೂ ಆಸ್ಪಿರಿನ್ನೇ. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫ್ತಾಲ್ ಸ್ಪಾಸ್‌ನಲ್ಲಿರುವುದು ಮೆಫೆನಾಮಿಕ್ ಆಮ್ಲ. ಮೊಣಕಾಲಿಗೆ ತಿಕ್ಕಿಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಡೈಕ್ಲೋಫೆನಾಕ್ ಇದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಹಾಕುವ ಹನಿಗಳಲ್ಲಿ ಕೆಟೊರೊಲಾಕ್ ಇರುವುದುಂಟು. ಬಾಣಂತಿಯರಿಗೆ, ಅದರಲ್ಲೂ ಹೊಟ್ಟೆ ಕೊಯ್ದು ಹೆರಿಗೆಯಾದವರಿಗೆ, ನೋವು ತಗ್ಗಲೆಂದು ಗುದದ್ವಾರದಲ್ಲಿಡುವ ಮಾತ್ರೆ ಬಹಳ ಕಡೆ ಡೈಕ್ಲೋಫೆನಾಕ್. ಅರೆಪ್ರಜ್ಞೆಯಲ್ಲಿ ಮಲಗಿದ ಬಾಣಂತಿ ಏನು ಕೇಳಿಯಾಳು, ಏನು ಹೇಳಿಯಾಳು?

ನಮ್ಮ ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಎಂಟನೇ ಇಯತ್ತೆಯ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಾಗಿ ನಿಂತರೆ ಶಿಕ್ಷಕಿಯರ ಕೋಣೆಯಲ್ಲಿ ನಾಲ್ಕು ವ್ಯಾನಿಟಿ ಬ್ಯಾಗುಗಳು ತೆರೆಯುತ್ತವೆ. ಒಬ್ಬರ ಬ್ಯಾಗಿನ ತಳದಿಂದ ಬಿಡಿ ಗುಳಿಗೆಯೊಂದು ಬರುತ್ತದೆ. ಮಮತೆಯಿಂದಲೇ ಕೊಡುವುದು, ಒಪ್ಪಿದೆ. ಆ ಹುಡುಗಿಗೆ ಉಬ್ಬಸವಿದೆಯೇ ಎಂದು ಕೇಳಿದವರಾರು? ಮೆಫೆನಾಮಿಕ್ ಆಮ್ಲದ ಬಗ್ಗೆ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಅದು ಹೇಳಿದ್ದು ಇನ್ನೊಂದು ಬಗೆಯ ಅಲರ್ಜಿಯ ವಿಷಯ. ಡ್ರೆಸ್ ಎಂದು ಅದರ ಹೆಸರು. ಔಷಧಿ ಶುರುಮಾಡಿ ಎರಡರಿಂದ ಎಂಟು ವಾರಗಳ ನಡುವೆ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಗಂಟಲ ಗಡ್ಡೆಗಳ ಊತ ಬಂದು ಯಕೃತ್ತಿನಂಥ ಒಳ ಅಂಗಗಳಿಗೂ ಪೆಟ್ಟಾಗಬಹುದು. ಅಪರೂಪದ್ದು, ಆದರೆ ಘೋರವಾದದ್ದು. ಆ ಎಚ್ಚರಿಕೆ ಎರಡು ದಿನ ಪತ್ರಿಕೆಗಳಲ್ಲಿ ಬಂತು, ಹೋಯಿತು. ಗುಳಿಗೆ ಬ್ಯಾಗಿನ ತಳದಲ್ಲೇ ಇದೆ. ನಮ್ಮ ಶಾಲೆಯಲ್ಲಿ ಹಟ ಹಿಡಿದು ಎರಡು ಕೆಲಸ ಮಾಡಿಸಿದ್ದೇನೆ. ಬಿಸಿನೀರಿನ ಚೀಲವೊಂದನ್ನು ತರಿಸಿದ್ದೇನೆ, ಹಾಜರಿ ಪುಸ್ತಕದ ಹಿಂದೆ ಎರಡು ಕಂಬ ಎಳೆಸಿದ್ದೇನೆ: ಉಬ್ಬಸವಿದೆಯೇ, ಯಾವ ಔಷಧಿ ಆಗುವುದಿಲ್ಲ.

ಆ ಎರಡನೇ ಕಂಬ ತುಂಬಿಸುವಾಗ ಕಂಡದ್ದು ನನ್ನನ್ನು ಹೆಚ್ಚು ಕಂಗೆಡಿಸಿತು. ಒಬ್ಬ ತಾಯಿ ಶಾಲೆಗೆ ಬಂದು, "ಅಕ್ಕೋರ, ಅದನ್ನ ಅಳಿಸಿಬಿಡ್ರಿ" ಎಂದಳು. ಏಕೆಂದರೆ ನಾಳೆ ಸಂಬಂಧ ನೋಡುವಾಗ ಹುಡುಗಿಗೆ ಏನೋ ರೋಗವಿದೆಯಂತೆ ಎಂದು ಸುದ್ದಿಯಾಗುತ್ತದಂತೆ. ನಕ್ಕುಬಿಡುವ ಮಾತಲ್ಲ ಇದು. ಇನ್ನೊಬ್ಬಳು ಹಳೆಯ ವಿದ್ಯಾರ್ಥಿನಿ. ತನಗೆ ನೋವಿನ ಔಷಧಿ ಆಗದೆಂಬುದನ್ನು ತವರಿನವರ ಮಾತು ಕೇಳಿ ಗಂಡನ ಮನೆಯಲ್ಲಿ ಬಾಯಿಬಿಡಲಿಲ್ಲ. ಹೆರಿಗೆಯಾದ ರಾತ್ರಿ ಅವಳ ಮುಖ ಊದಿತು, ಉಸಿರು ಕಟ್ಟಿತು. ಪಾಳಿಯಲ್ಲಿದ್ದ ನರ್ಸ್ ಚುರುಕಿದ್ದುದರಿಂದ ಉಳಿದಳು. ಎಚ್ಚರವಾದಾಗ ಅವಳ ಕಿವಿಗೆ ಬಿದ್ದ ಮೊದಲ ಮಾತು, "ಮುಚ್ಚಿಟ್ಟು ನಮಗ ಮೋಸ ಮಾಡ್ಯಾರ." ಹೇಳಿದ್ದರೆ ಸಂಬಂಧ ಮುರಿಯುತ್ತಿತ್ತು, ಹೇಳದೆ ಇದ್ದುದಕ್ಕೆ ಮೋಸಗಾತಿಯಾದಳು. ಒಂದು ಗುಳಿಗೆ ಒಗ್ಗದಿರುವುದು ಹೆಣ್ಣಿನ ಕುಂದು ಎಂದು ತೀರ್ಮಾನಿಸಿದವರಾರು? ಇದೇ ತೊಂದರೆ ಗಂಡಸಿಗಿದ್ದರೆ "ಅಂವಗ ಆ ಗುಳಿಗಿ ಆಗಿಬರೂದಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ನಮಗಾದರೆ ನಖರಾ, ಇಲ್ಲವೇ ರೋಗ.

ವೈದ್ಯರ ಮೇಲೆ ನನಗೆ ಗೌರವವಿದೆ. ನನ್ನ ಉಸಿರು ಉಳಿಸಿದವರೂ ವೈದ್ಯರೇ. ಆದರೂ ಹೇಳಲೇಬೇಕು. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿಗೆ 2016ರಲ್ಲಿ ತಿದ್ದುಪಡಿಯಾಗಿದೆ. ನಿಮ್ಮ ಮನೆಯ ಚೀಟಿಗಳನ್ನು ತೆಗೆದು ನೋಡಿ, ಎಷ್ಟನ್ನು ಓದಬಲ್ಲಿರಿ? "ದಿನಕ್ಕೆ ನೂರು ಜನ ಬರುತ್ತಾರೆ, ಎಲ್ಲರ ಕತೆ ಕೇಳಲು ಹೊತ್ತಿಲ್ಲ" ಎನ್ನುತ್ತಾರೆ. ಕತೆ ಬೇಡ. "ಯಾವ ಔಷಧಿ ನಿಮಗೆ ಆಗುವುದಿಲ್ಲ? ಉಬ್ಬಸವಿದೆಯೇ?" ಎರಡೇ ಪ್ರಶ್ನೆ. ಸೂಜಿಗೆ ಔಷಧಿ ಏರಿಸುವಷ್ಟರಲ್ಲಿ ಕೇಳಿ ಮುಗಿಯುತ್ತವೆ. ರೋಗಿಗೆ ಹೆಸರು ಗೊತ್ತಿಲ್ಲದಿದ್ದರೆ ಆಗ ಇನ್ನೂ ಎಚ್ಚರಿಕೆ ಬೇಕು. ಅವಳ ಅಜ್ಞಾನವನ್ನೇ ಪರವಾನಗಿ ಮಾಡಿಕೊಂಡು ಚುಚ್ಚುವುದು ನ್ಯಾಯವಲ್ಲ.

ಅಂಗಡಿಯವರ ಉತ್ತರ ಬೇರೆ. "ಇಡೀ ಪಟ್ಟಿ ಕೊಳ್ಳಾಕ ಬಡವರ ಹತ್ರ ರೊಕ್ಕ ಎಲ್ಲಿ ಅದ?" ಎನ್ನುತ್ತಾರೆ. ಒಪ್ಪಿದೆ, ಕತ್ತರಿಸಿಯೇ ಕೊಡಿ. ಕೊಡುವ ಚೀಲದ ಮೇಲೆ ಹೆಸರು ಬರೆಯಲು ಎಷ್ಟು ಶಾಯಿ ಖರ್ಚಾಗುತ್ತದೆ? ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಇವೆಲ್ಲ ಕಾನೂನಿನ ಷೆಡ್ಯೂಲ್ ಎಚ್ ಪಟ್ಟಿಯವು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರುತ್ತಿರುವುದು ಎಲ್ಲರಿಗೂ ಗೊತ್ತು. ಚೀಟಿ ಕೇಳದವರು ಹೆಸರನ್ನಾದರೂ ಕೊಡಲಿ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೇಳಿ ಪಡೆಯುವುದು ನಮ್ಮ ಹಕ್ಕು, ಅವರ ಉಪಕಾರವಲ್ಲ.

ಸರ್ಕಾರಕ್ಕೂ ಒಂದು ಮಾತಿದೆ. ಪಟ್ಟಿಯ ಮೇಲೆ ಔಷಧಿಯ ಮೂಲ ಹೆಸರು ವ್ಯಾಪಾರಿ ಹೆಸರಿಗಿಂತ ದೊಡ್ಡದಾಗಿರಬೇಕೆಂದು 2018ರಲ್ಲಿ ನಿಯಮವಾಯಿತು. ಒಳ್ಳೆಯದೇ ಆಯಿತು. ದೊಡ್ಡದಾದರೂ ಯಾವ ಭಾಷೆಯಲ್ಲಿ? ಇಂಗ್ಲಿಷ್ ಓದಲು ಬಾರದ ತಾಯಿಗೆ ಅಕ್ಷರ ಎಷ್ಟು ದೊಡ್ಡದಾದರೂ ಒಂದೇ. ಬಿಸ್ಕತ್ತಿನ ಜಾಹೀರಾತು ಕನ್ನಡದಲ್ಲಿ ಬರುತ್ತದೆ, ಸಾಬೂನಿನದು ಬರುತ್ತದೆ. ಹೊಟ್ಟೆಗೆ ಹೋಗುವ ಔಷಧಿಯ ಹೆಸರು ಕನ್ನಡದಲ್ಲಿ ಬರಬಾರದೇ? ರಾಜ್ಯೋತ್ಸವದ ಭಾಷಣಗಳಲ್ಲಿ ಈ ಬೇಡಿಕೆಯನ್ನು ನಾನು ಇನ್ನೂ ಕೇಳಿಲ್ಲ.

ಇದೇ ಡೈಕ್ಲೋಫೆನಾಕಿನ ಇನ್ನೊಂದು ಕತೆ ನಮ್ಮ ಮಕ್ಕಳಿಗೆ ನಾನು ಹೇಳುವುದುಂಟು. ದನಗಳಿಗೆ ಈ ಔಷಧಿ ಕೊಡುತ್ತಿದ್ದರು. ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಅದು ಅಲರ್ಜಿಯಲ್ಲ, ವಿಷ. ದೇಶದ ಮುಖ್ಯ ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ನಾಶವಾದವು. ಪಕ್ಷಿತಜ್ಞರು ಸತ್ತವನ್ನು ಎಣಿಸಿದರು, ಕೊಯ್ದು ನೋಡಿದರು, 2004ರಲ್ಲಿ ಕಾರಣ ಬೆಳಕಿಗೆ ಬಂತು. 2006ರಲ್ಲಿ ದನಗಳ ಡೈಕ್ಲೋಫೆನಾಕ್ ನಿಷೇಧವಾಯಿತು. 2012ರಲ್ಲಿ ನಮ್ಮ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಹದ್ದುಗಳಿಗೆ ಒಳ್ಳೆಯದಾಗಲಿ. ಮನುಷ್ಯರಿಗೂ ಈ ಔಷಧಿ ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ, ಕೋಟ್ಯಂತರ ಜನರ ನೋವು ಇದರಿಂದ ಇಳಿಯುತ್ತಿದೆ. ನಾನು ಎತ್ತಿ ತೋರಿಸುವುದು ಎಣಿಸಿದ್ದನ್ನು. ಎಣಿಸಿದ್ದರಿಂದ ಕಾನೂನು ಬಂತು. ನಮ್ಮ ಊರುಗಳಲ್ಲಿ ಗುಳಿಗೆ ನುಂಗಿ ಮುಖ ಊದಿದ ಹೆಂಗಸರ ಲೆಕ್ಕ ಎಲ್ಲಿದೆ? ನಂಜು, ಪಿತ್ತ, ದೃಷ್ಟಿ ಎಂಬ ಖಾತೆಗಳಲ್ಲಿ ಜಮೆಯಾಗಿ ಹೋಗಿದೆ.

ಎಣಿಸುವ ವ್ಯವಸ್ಥೆ ಇಲ್ಲದೆ ಇಲ್ಲ. ಔಷಧಿಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ನಾವೂ ನೀವೂ ತಿಳಿಸಬಹುದು. ಜನಸಾಮಾನ್ಯರು ತುಂಬುವ ನಮೂನೆ ಕನ್ನಡದಲ್ಲಿಯೂ ಇದೆ. 1800-180-3024 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಬಹುದು. ಮೆಫೆನಾಮಿಕ್ ಆಮ್ಲದ ಎಚ್ಚರಿಕೆ ಹುಟ್ಟಿದ್ದು ಹೀಗೆ ಬಂದ ವರದಿಗಳಿಂದಲೇ. ಆ ಸಂಖ್ಯೆಯನ್ನು ಎಷ್ಟು ಔಷಧಿ ಅಂಗಡಿಗಳ ಗೋಡೆಯ ಮೇಲೆ ಕಂಡಿದ್ದೀರಿ?

ಅವರೆಲ್ಲ ತಮ್ಮ ಕೆಲಸ ಮಾಡುವವರೆಗೆ ನಾವು ಕೈಕಟ್ಟಿ ಕೂಡುವಂತಿಲ್ಲ. ಯಾವ ಗುಳಿಗೆಯಿಂದ ಗಂಧೆ, ಊತ, ಉಬ್ಬಸ ಬಂತೋ ಅದರ ಮೂಲ ಹೆಸರು, ದಿನಾಂಕ, ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಒಂದು ಪ್ರತಿ ಪರ್ಸಿನಲ್ಲಿ, ಆಧಾರ್ ಕಾರ್ಡಿನ ಜೊತೆ. ಇನ್ನೊಂದು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗೆ, ಮನೆಯವರಿಗೆಲ್ಲ ಕಾಣುವಂತೆ. ಹಲ್ಲಿನವರು, ಕಣ್ಣಿನವರು, ಹೆರಿಗೆಯವರು, ಯಾರ ಮುಂದೆ ಕುಳಿತರೂ ಅವರು ಕೇಳುವ ಮೊದಲೇ ಮೇಜಿನ ಮೇಲೆ ಇಡಿ.

ನೋವು ಬಂದರೆ ಏನು ಮಾಡುವುದು? ಇಡೀ ಮನೆತನ ಆಗದವರಲ್ಲಿ ಹೆಚ್ಚಿನವರಿಗೆ ಪ್ಯಾರಾಸಿಟಮಾಲ್, ಅಂದರೆ ಕ್ರೋಸಿನ್, ಡೋಲೊ ಇತ್ಯಾದಿ, 500 ಅಥವಾ 650 ಮಿಲಿಗ್ರಾಂ ಪ್ರಮಾಣದಲ್ಲಿ ಒಗ್ಗುತ್ತದೆ. ಒಮ್ಮೆಗೇ 1000 ಮಿಲಿಗ್ರಾಂ ನುಂಗಿದರೆ ಕೆಲವರಿಗೆ ಅದೂ ಕೆರಳುತ್ತದೆ. ಎಟೊರಿಕಾಕ್ಸಿಬ್‌ನಂಥ ಔಷಧಿಗಳು ಹೆಚ್ಚಿನವರಿಗೆ ನಡೆಯುತ್ತವೆ, ಆದರೆ ಮೊದಲನೆಯ ಗುಳಿಗೆಯನ್ನು ವೈದ್ಯರ ಕಣ್ಣೆದುರೇ ತೆಗೆದುಕೊಳ್ಳಬೇಕು. ಹೃದಯಕ್ಕೆ ಆಸ್ಪಿರಿನ್ ಬೇಕೇಬೇಕಾದವರಿಗೆ ಅದನ್ನು ಆಸ್ಪತ್ರೆಯಲ್ಲಿ ಹನಿಹನಿಯಾಗಿ ಒಗ್ಗಿಸುವ ವಿಧಾನವೂ ಇದೆ. ಹಾಗಾಗಿ ಹೆದರಿ ತಾವಾಗಿಯೇ ನಿಲ್ಲಿಸಬೇಡಿ, ತಜ್ಞರನ್ನು ಕೇಳಿ. ಬರೀ ಗಂಧೆಯಾದರೆ ಸೆಟಿರಿಜಿನ್‌ನಂಥ ಗುಳಿಗೆ ಸಾಕಾಗಬಹುದು. ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ಧ್ವನಿ ಒಡೆದರೆ, ಕಣ್ಣು ಕತ್ತಲಿಟ್ಟರೆ ಸೆಟಿರಿಜಿನ್ ನಂಬಿ ಕೂಡಬೇಡಿ. ರೋಗಿಯನ್ನು ಮಲಗಿಸಿ, ಉಸಿರಾಡಲು ಕಷ್ಟವಾದರೆ ಒರಗಿ ಕೂಡಿಸಿ, 108ಕ್ಕೆ ಫೋನು ಮಾಡಿ. ಆಗ ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್. ಹಳೆಯ, ದುಬಾರಿಯಲ್ಲದ ಔಷಧಿ ಅದು. ಇಂಜೆಕ್ಷನ್ ಕೊಡುವ ಪ್ರತಿ ದವಾಖಾನೆಯಲ್ಲೂ ಇರಲೇಬೇಕಾದದ್ದು. "ನಿಮ್ಮಲ್ಲಿ ಇದೆಯೇ?" ಎಂದು ಚುಚ್ಚಿಸಿಕೊಳ್ಳುವ ಮೊದಲು ಕೇಳಿದರೆ ಅದು ಉದ್ಧಟತನವಾಗುವುದಿಲ್ಲ.

ಸಹೋದರಿಯರೇ, ಮನೆಯಲ್ಲಿ ಯಾರಾದರೂ "ನನಗದು ಆಗಿಬರೂದಿಲ್ಲ" ಎಂದಾಗ ನಖರಾ ಎನ್ನುವ ಮೊದಲು ಕಾಗದ ಪೆನ್ನು ತೆಗೆದುಕೊಳ್ಳಿ. ಸೊಸೆ ಹೇಳಿದರೂ ಬರೆಯಿರಿ, ಅತ್ತೆ ಹೇಳಿದರೂ ಬರೆಯಿರಿ, ಮನೆಗೆಲಸದವಳು ಹೇಳಿದರೂ ಬರೆಯಿರಿ. ಮಗಳ ಜಾತಕದ ಜೊತೆಗೆ ಆ ಚೀಟಿಯನ್ನೂ ಕೊಟ್ಟು ಕಳಿಸಿ. ಅದನ್ನು ಓದಿ ಹಿಂದೆ ಸರಿಯುವ ಮನೆಗೆ ಮಗಳನ್ನು ಕೊಡದಿರುವುದೇ ಲೇಸು. ಇನ್ನು ಔಷಧಿ ಅಂಗಡಿಯಲ್ಲಿ ಬಿಡಿ ಗುಳಿಗೆ ಕೈಗಿಟ್ಟಾಗ ಹೆಸರು ಕೇಳಿ, ಬರೆಸಿಕೊಳ್ಳಿ, ಬಿಲ್ಲು ಪಡೆಯಿರಿ. ಕೊಡಲಾರೆ ಎಂದರೆ ಗುಳಿಗೆಯನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಮುಂದಿನ ಅಂಗಡಿಗೆ ಹೋಗಿ. ದಿನಕ್ಕೆ ಹತ್ತು ಹೆಂಗಸರು ಹೀಗೆ ಬಿಟ್ಟು ಹೋದರೆ ತಿಂಗಳೊಪ್ಪತ್ತಿನಲ್ಲಿ ಆ ಅಂಗಡಿಯವನೂ ಹೆಸರು ಬರೆಯುವುದನ್ನು ಕಲಿಯುತ್ತಾನೆ.